ಮದಾಮ್ ಇನ್ಸಾಫ್ ಒಯ್ದ ಕೊಲೆ

“ಆಗಲಿ” ಅಂದಿದ್ದಳು ಆಕೆ. ಅಂದದ್ದು ಅಷ್ಟೇ. ಅದೂ ಗುರುವಾರ, ಇವತ್ತು ಶನಿವಾರ. ಆದರೂ ಅಜ್ಬಕಿಯ್ಯಾ ಗೋಡೆಯ ಸಾಲಿನಲ್ಲಿ ತನ್ನ ಹಳೇ ಪುಸ್ತಕದ ಮಳಿಗೆಯ ತಗಡಿನ ಬಾಗಿಲನ್ನು ಎರಡು ಕೈಯಿಂದ ಮೇಲಕ್ಕೆ ನೂಕುತ್ತಿದ್ದ ಬಯ್ಯೂಮಿಗೆ ಆ ಮಾತನ್ನು ಯಾರೋ ಈಗತಾನೇ ಕಿವಿಯ ಹತ್ತಿರ ಹೇಳಿ ಹೋದ ಹಾಗಾಯಿತು. ಬಾಗಿಲು ಅರ್ಧಕ್ಕೆ ನಿಂತಿತು, ಅವನೂ ಕೈ ಎತ್ತಿದವನು ಎತ್ತಿದ ಹಾಗೇ ನಿಂತು ತಗಡಿನ ಕೆಳಗೆ ಒಬ್ಬನೇ ನಕ್ಕ. ಅಮ್ಶೀರ್ ತಿಂಗಳು, ಚಳಿಗಾಲದ ಕೊನೆ. ಕೈರೋದಲ್ಲಿ ಈ ತಿಂಗಳ ಗಾಳಿಗೆ ತಲೆ ಸರಿಯಿರುವುದಿಲ್ಲ. ಬೆಳಿಗ್ಗೆ ನದಿಯ ಕಡೆಯಿಂದ ಬಂದದ್ದು ಮಧ್ಯಾಹ್ನ ಬೆಟ್ಟದ ಕಡೆಯಿಂದ ಬರುತ್ತದೆ, ಮೇಜಿನ ಮೇಲೆ ಜೋಡಿಸಿಟ್ಟ ಪುಸ್ತಕಗಳ ರಟ್ಟು ತೆರೆದು ಎರಡು ಹಾಳೆ ಓದಿ ಸರಿ ಹೋಗಲಿಲ್ಲವೆಂಬಂತೆ ಮುಚ್ಚಿ ಹೋಗುತ್ತದೆ. ಆ ಗಾಳಿಯೇ ತನ್ನೊಳಗೂ ಹೊಕ್ಕಿದೆ ಅಂದುಕೊಂಡ ಬಯ್ಯೂಮಿ. ಎದೆಯ ಗೂಡಿನಲ್ಲಿ ಯಾರೋ ಹಾಳೆ ಮಗುಚುತ್ತಿದ್ದರು. ಅರವತ್ತಾರು ವರ್ಷದ ಎದೆ, ಇಷ್ಟು ದಿನ ಒಳ್ಳೇ ಕಪಾಟಿನ ಹಾಗೆ ಮುಚ್ಚಿಕೊಂಡು ಸುಮ್ಮನಿತ್ತು.

ಗುರುವಾರ, ಶನಿವಾರ, ವಾರಕ್ಕೆರಡು ಸಲ ಆಕೆ ಬರುತ್ತಾಳೆ. ಈ ಗುರುವಾರ ಬಂದಾಗ ಬಿಸಿಲು ಇಳಿಯುತ್ತಿತ್ತು. ಮದಾಮ್ ಇನ್ಸಾಫ್ ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರೂರಿನ ಮಾತಿಗೆ ತಂತಿ ಜೋಡಿಸುತ್ತಿದ್ದವಳು, ನಿವೃತ್ತಳು, ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಬಾಬ್ ಅಲ್-ಲೂಕ್ ಹತ್ತಿರದ ಓಣಿಯಲ್ಲಿದ್ದಾಳೆ. ಆಕೆಗೆ ಕೊಲೆಯ ಪುಸ್ತಕ ಬೇಕು, ಆದರೆ ಈಗಿನ ಕಾಲದ್ದು ಬೇಡ. ಪಿಸ್ತೂಲು, ಮೋಟಾರು, ಇಂಥದ್ದೇನೂ ಇರಕೂಡದು. ಪೇಟ ಸುತ್ತಿದವರು, ಕತ್ತೆ ಏರಿ ಬರುವ ಸಾಕ್ಷಿಗಳು, ಎಣ್ಣೆ ದೀಪ, ವಿಷ ಬೆರೆಸಿದ ದಾಳಿಂಬೆ ಶರಬತ್ತು. “ಈ ಸಲ ಏನು ಕೊಡ್ತೀರಿ ಹಾಜಿ?” ಅಂದಳು. ಬಯ್ಯೂಮಿ ಹಜ್‌ಗೆ ಹೋದವನಲ್ಲ. ಈ ಊರಿನಲ್ಲಿ ಕೂದಲು ಬೆಳ್ಳಗಾದರೆ ಸಾಕು, ಹಾಜಿ. ಅವನು ಕೂತ ದಿಂಬಿನ ಕೆಳಗೆ ಕೈ ಹಾಕಿ ‘ಹಮ್ಮಾಮಿನಲ್ಲಿ ಒಣಗಿದ ಹೆಣ’ ತೆಗೆದ. ಯಾಕೆ ತೆಗೆದನೋ. ಮೇಜಿನ ಮೇಲೆ ಅಷ್ಟು ರಾಶಿ ಇತ್ತು. ಅದನ್ನು ಅವನೇ ಓದುತ್ತಿದ್ದ. ಎಲ್ಲಿಯೋ ಮಾರಿಹೋದ ಮನೆಯ ಸಾಮಾನಿನ ಜೊತೆ ಬಂದ ಒಂದೇ ಒಂದು ಪ್ರತಿ, ಅಚ್ಚು ಹಾಕಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ಆಕೆ ಕೇಳಿದ ಗಳಿಗೆಯಲ್ಲಿ ಅದಕ್ಕಿಂತ ಕಡಿಮೆಯದನ್ನು ಕೊಡುವುದು ಅವಮಾನ ಅನ್ನಿಸಿತ್ತು. “ಸುಲ್ತಾನರ ಕಾಲದ್ದು ಮದಾಮ್. ಹಮ್ಮಾಮಿನ ಬಿಸಿಕೋಣೇಲಿ ಒಬ್ಬ ಸತ್ತು ಬಿದ್ದಿದಾನೆ. ಸುತ್ತ ಹಬೆ, ಗೋಡೆಯಿಂದ ನೀರು ತೊಟ್ಟಿಕ್ತಾ ಇದೆ, ಹೆಣ ಮಾತ್ರ ಒಣಕಲು. ಬಟ್ಟೆ ಒಣಗಿದೆ, ಗಡ್ಡ ಒಣಗಿದೆ. ಅಂಗಡಿಗಳ ತೂಕ-ಅಳತೆ ನೋಡೋ ಅಧಿಕಾರಿ ತಕ್ಕಡಿ ಹಿಡ್ಕೊಂಡು ಬರ್ತಾನೆ. ಹೆಣಾನೇ ತೂಗ್ತಾನೆ. ಈ ಸಾಲಲ್ಲೆಲ್ಲಾ ಇದಕ್ಕಿಂತ ಒಳ್ಳೇದಿಲ್ಲ.” ಆಕೆಯ ಕಣ್ಣು ಅರಳಿತು. “ಎಷ್ಟು ಕೊಡ್ಲಿ?” ಅಂದಳು. ಅವನು, ಇಡೀ ಜೀವಮಾನ ಅನ್ನುತ್ತ ಬಂದದ್ದನ್ನೇ, ಬಾಯಿ ತಾನಾಗಿ ಅನ್ನುವುದನ್ನೇ ಅಂದ. “ಇರಲಿ ಬಿಡಿ ಮದಾಮ್, ನಿಮ್ಮದೇ ಅಂದುಕೊಳ್ಳಿ.”

ಇದಕ್ಕೆ ಏನು ಹೇಳಬೇಕು ಅನ್ನುವುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಕ್ಷೌರದವನು ಅನ್ನುತ್ತಾನೆ ಇರಲಿ ಬಿಡಿ, ಟ್ಯಾಕ್ಸಿಯವನು ಅನ್ನುತ್ತಾನೆ, ಹಲ್ಲು ಕಿತ್ತು ರಕ್ತ ಒರೆಸಿದ ಡಾಕ್ಟರು ಕೂಡ ಅನ್ನುತ್ತಾನೆ. ದಾರಿಬದಿ ಕೂತು ಒಂದೇ ಒಂದು ರೊಟ್ಟಿ ತಿನ್ನುತ್ತಿರುವವನು ಹೋಗುವವರನ್ನೆಲ್ಲ ಬನ್ನಿ ಊಟ ಮಾಡಿ ಅನ್ನುತ್ತಾನೆ. ಯಾರೂ ಕೂರುವುದಿಲ್ಲ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಎಷ್ಟು ಹೇಳಿ, ಅನ್ನಬೇಕು ಕೊಳ್ಳುವವನು. ಇಲ್ಲಪ್ಪ ಇರಲಿ, ಅನ್ನಬೇಕು ಮಾರುವವನು. ನನ್ನಾಣೆ ಹೇಳಿ, ಅನ್ನಬೇಕು. ಆಮೇಲೆ ಬೆಲೆ, ಆಮೇಲೆ ಚೌಕಾಸಿ. ಹೀಗೆ ನಡೆದುಬಂದಿದೆ, ಇದರಲ್ಲಿ ಯಾರಿಗೂ ಮೋಸವಿಲ್ಲ. ಮದಾಮ್ ಇನ್ಸಾಫ್ ಮಾತ್ರ ಅವನ ಮುಖವನ್ನು ನೋಡಿದಳು, ಒಂದು ಉಸಿರು ತಡೆದಳು, “ಆಗಲಿ” ಅಂದಳು, ಪುಸ್ತಕವನ್ನು ತರಕಾರಿ ಚೀಲದಲ್ಲಿ ಬದನೆಕಾಯಿಯ ಪಕ್ಕ ಇಟ್ಟಳು, ಹೊರಟುಹೋದಳು. ಬಯ್ಯೂಮಿಯ ಬಾಯಲ್ಲಿ ಎರಡನೇ ಸಲದ ‘ಇಲ್ಲಪ್ಪ ಇರಲಿ’ ತಯಾರಾಗಿ ಬಂದು ನಿಂತಿತ್ತು. ಅದಕ್ಕೆ ಹೋಗಲು ಜಾಗವಿಲ್ಲದೆ ಅಲ್ಲೇ ಕರಗಿತು.

ಆ ತಡೆದ ಉಸಿರು ಅವನನ್ನು ಶುಕ್ರವಾರವೆಲ್ಲ ಮಲಗಲು ಬಿಡಲಿಲ್ಲ. ಪೂರ್ವಕಾಲದ ಪತ್ತೇದಾರರು ಏನು ಮಾಡುತ್ತಾರೆ? ಬೆರಳಚ್ಚು ಇಲ್ಲ, ಫೋಟೋ ಇಲ್ಲ, ಪ್ರಯೋಗಶಾಲೆ ಇಲ್ಲ. ಮನುಷ್ಯ ಏನು ಮಾಡಿದ, ಏನು ಮಾಡಬೇಕಾಗಿತ್ತು, ಎರಡರ ನಡುವೆ ಎಷ್ಟು ಅಂತರ, ಅಷ್ಟನ್ನೇ ನೋಡುತ್ತಾರೆ. ಅದಕ್ಕೇ ಅವನಿಗೆ ಅವರ ಮೇಲೆ ಪ್ರೀತಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ಅಕ್ಷರ ಕಲಿತದ್ದೇ ಅವರಿಂದ, ಹೆಣ ಯಾರದ್ದು ಅಂತ ತಿಳಿಯಲೇಬೇಕಿತ್ತು ಅಂತ ಕಲಿತ. ಈಗ ತನ್ನದೇ ಒಂದು ಪ್ರಕರಣ. ಒಂದು, ಆಕೆಗೆ ಪದ್ಧತಿ ಮರೆತುಹೋಯಿತು. ಸಾಧ್ಯವಿಲ್ಲ, ಅದೇ ದಿನ ಪಕ್ಕದ ಬೀದಿಯಲ್ಲಿ ಬದನೆಕಾಯಿಯವನನ್ನು ಚೌಕಾಸಿಯಲ್ಲಿ ಗೋಳು ಹುಯ್ದುಕೊಂಡು ಬಂದಿದ್ದಳು. ಎರಡು, ಜುಗ್ಗತನ. ಸಾಧ್ಯವಿಲ್ಲ, ಪ್ರತಿ ವಾರ ಪುಸ್ತಕ ಬದಲಾಯಿಸುವಾಗ ಚಹಾದ ಹುಡುಗನ ಕೈಗೂ ಏನಾದರೂ ಹಾಕಿ ಹೋಗುವವಳು. ಮೂರು. ಮೂರನ್ನು ಅವನು ಮನಸ್ಸಿನಲ್ಲಿ ಕೂಡ ಪೂರಾ ಹೇಳಿಕೊಳ್ಳಲಿಲ್ಲ. ಮೂರು ಬಂದಾಗಲೆಲ್ಲ ಎದ್ದು ಕಿಟಕಿ ತೆಗೆದ, ಗಾಳಿ ಒಳಗೆ ಬಂತು, ಕಿಟಕಿ ಹಾಕಿದ. ಬೇಡ ಅನ್ನಲಿ ಅಂತಲೇ ಕೊಟ್ಟದ್ದನ್ನು ಬೇಕು ಅಂತ ತೆಗೆದುಕೊಂಡರೆ ಅದು ಏನು? ತೆಗೆದುಕೊಂಡವಳು ಕೊಟ್ಟವನಿಂದ ಏನನ್ನು ತೆಗೆದುಕೊಂಡಳು?

ಇದರ ಬೆನ್ನಿಗೇ ಬೆವರು. ಪುಸ್ತಕ ಅವನು ಮುಗಿಸಿರಲಿಲ್ಲ. ಕೊನೆಗೆ ಎರಡು ಅಧ್ಯಾಯ ಉಳಿದಿತ್ತು. ಇಡೀ ಸಾಲಿನಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ ಅಂತ ಎದೆ ತಟ್ಟಿ ಹೇಳಿದ್ದು ಕೊನೆ ಗೊತ್ತಿಲ್ಲದ ಪುಸ್ತಕದ ಬಗ್ಗೆ. ಅಷ್ಟೇ ಆಗಿದ್ದರೆ ಸುಳ್ಳು ತಾನೇ ಅಂತ ಬಿಡಬಹುದಿತ್ತು. ಓದು ನಿಂತ ಜಾಗದಲ್ಲಿ ಗುರುತು ಇಟ್ಟಿದ್ದ. ಗುರುತಿಗೆ ಏನು ಇಟ್ಟಿದ್ದ ಅನ್ನುವುದು ಶುಕ್ರವಾರದ ನಮಾಜಿನ ನಡುವೆ, ಹಣೆ ನೆಲಕ್ಕೆ ತಾಗಿದ ಹೊತ್ತಿನಲ್ಲಿ ನೆನಪಾಗಿ, ಅವನು ಏಳುವುದನ್ನೇ ಮರೆತಿದ್ದ. ಹೊಟ್ಟೆಯುಬ್ಬರದ ಮಾತ್ರೆಯ ಖಾಲಿ ಪಟ್ಟಿ. ಹಸಿರು ಅಕ್ಷರದಲ್ಲಿ ದಪ್ಪಗೆ ಬರೆದಿದ್ದರು, ವಾಯುವಿಗೆ, ಊಟದ ನಂತರ. ಮದಾಮ್ ಇನ್ಸಾಫ್, ಎಣ್ಣೆ ದೀಪದ ಬೆಳಕಿನಲ್ಲಿ ತೂಕದ ಅಧಿಕಾರಿಯ ಹಿಂದೆ ಹಿಂದೆ ಹೋಗುತ್ತಿರುವವಳು, ಹಾಳೆ ತಿರುಗಿಸುತ್ತಾಳೆ, ಅಲ್ಲಿ ಬಯ್ಯೂಮಿಯ ವಾಯು ಬಿದ್ದಿರುತ್ತದೆ. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆ ಕಚಗುಳಿಯೂ ಆಯಿತು, ಯಾಕೆಂದರೆ ತನ್ನದೊಂದು ವಸ್ತು ಆ ಮನೆಯೊಳಗೆ ಇದೆ, ಅದನ್ನು ಆಕೆ ಬೆರಳಿಂದ ಮುಟ್ಟುತ್ತಾಳೆ. ಇನ್ನೂ ಒಂದಿತ್ತು. ಸಂಶಯಕ್ಕೆ ಗುರಿಯಾದವರು ನಾಲ್ವರು. ಮೈ ಉಜ್ಜುವವನು, ಕುಂಟ ಲಿಪಿಕಾರ, ನೀರು ಹೊರುವವನು, ಮತ್ತೆ ಸಂಬಾರ ವ್ಯಾಪಾರಿಯ ವಿಧವೆ. ಅವನು ನಿಲ್ಲಿಸಿದ ಕಡೆ ತಕ್ಕಡಿ ವಿಧವೆಯ ಕಡೆಗೇ ವಾಲುತ್ತಿತ್ತು. ಕೊಂದವಳು ಅವಳೇ ಆಗಿದ್ದರೆ? ಒಬ್ಬ ವಿಧವೆಗೆ, ಅದೂ ಬಿಟ್ಟಿಯಾಗಿ, ಕೊಲೆಗಾರ್ತಿ ವಿಧವೆಯ ಪುಸ್ತಕ ಕೊಟ್ಟು ಕಳಿಸಿದ ಗಂಡಸನ್ನು ಏನನ್ನಬೇಕು?

“ಏನಪ್ಪಾ, ತಗಡಿನ ಕೆಳಗೆ ನಿಂತು ಯಾರ ಜೊತೆ ಮಾತಾಡ್ತಿದೀಯ?” ಪಕ್ಕದ ಮಳಿಗೆಯ ಗಿರ್ಗಿಸ್. ಶಾಲೆಯ ಹಳೇ ಪುಸ್ತಕ, ಹಳೇ ವಾರಪತ್ರಿಕೆ ಮಾರುವವನು, ಮೂವತ್ತು ವರ್ಷದಿಂದ ಇವರಿಬ್ಬರ ನಡುವೆ ಇರುವುದು ಒಂದು ಹಲಗೆ ಮಾತ್ರ. ಎಳ್ಳು ಮೆತ್ತಿದ ಬಳೆರೊಟ್ಟಿಯನ್ನು ಮುರಿದು ಅರ್ಧ ಚಾಚಿದ.

“ಯಾರ ಜೊತೆಗೂ ಇಲ್ಲ.”

“ನಕ್ಕೆ. ನಾನು ನೋಡ್ದೆ. ಶನಿವಾರ ಬೆಳಿಗ್ಗೆ ನಗೋಂಥದ್ದು ಈ ಸಾಲಲ್ಲಿ ಏನೂ ಇಲ್ಲ. ಮದಾಮ್ ಬರೋ ದಿನ ಇವತ್ತು, ಅಲ್ವಾ?”

“ಬರ್ತಾರೋ ಇಲ್ವೋ.”

“ಬರ್ದೆ ಏನು? ಮನೆಗೆ ಒಂದು ಪುಸ್ತಕ ಬಿಟ್ಟಿ ತಗೊಂಡು ಹೋಗಿದಾರೆ, ಇನ್ನೊಂದು ಬಿಟ್ಟಿ ಸಿಗ್ಬೋದು ಅಂತಾದ್ರೂ ಬರ್ತಾರೆ.”

ಬಯ್ಯೂಮಿ ರೊಟ್ಟಿಯ ಎಳ್ಳನ್ನು ಉಗುರಿನಲ್ಲಿ ಕೆರೆದ. “ಗಿರ್ಗಿಸ್, ನೀನು ಇರಲಿ ಬಿಡಿ ಅಂದದ್ದಕ್ಕೆ ನಿಜಕ್ಕೂ ಆಗಲಿ ಅಂದವರು ಯಾರಾದ್ರೂ ಇದಾರಾ? ಇಷ್ಟು ವರ್ಷದಲ್ಲಿ?”

ಗಿರ್ಗಿಸ್ ಯೋಚಿಸಿದ. ಯೋಚಿಸುವಾಗ ಅವನ ದವಡೆ ನಿಲ್ಲುತ್ತದೆ. “ಒಬ್ಬ ಇದ್ದ. ಪರದೇಶದವನು. ಒಂದು ಭೂಪಟ ಎತ್ಕೊಂಡು ಥ್ಯಾಂಕ್ಯೂ ಅಂತ ಹೋಗ್ಬಿಟ್ಟ. ಓಡಿ ಹೋಗಿ ಕಿತ್ಕೊಂಡು ಬಂದೆ.”

“ನಾನು ಓಡ್ಲಿಲ್ಲ.”

“ಅದೇ ನೋಡಿದ್ನಲ್ಲ ನಾನು. ನೀನು ಕೂತಲ್ಲೇ ಕೂತಿದ್ದೆ, ಯಾರೋ ಬಂದು ನಿನ್ನ ಟೋಪಿ ತಗೊಂಡು ಹೋದ್ರೂ ಗೊತ್ತಾಗ್ತಿರ್ಲಿಲ್ಲ.” ಗಿರ್ಗಿಸ್ ರೊಟ್ಟಿ ನುಂಗಿದ. “ಆಕೆ ಪರದೇಶದವಳಲ್ಲ ಬಯ್ಯೂಮಿ. ಇದೇ ಊರಿನ ಶುಬ್ರಾದಲ್ಲಿ ಹುಟ್ಟಿದವಳು.”

ಅಷ್ಟು ಹೇಳಿ ಅವನು ತನ್ನ ಪತ್ರಿಕೆಗಳ ಮೇಲೆ ಇಟ್ಟಿಗೆ ಇಡಲು ಹೋದ. ಶುಬ್ರಾದಲ್ಲಿ ಹುಟ್ಟಿದವಳು. ಇದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಹುದಿತ್ತು. ಬಯ್ಯೂಮಿ ಅರ್ಧ ರೊಟ್ಟಿಯನ್ನು ಪತ್ತೇದಾರಿ ಪುಸ್ತಕಗಳ ನಡುವೆ ಇಟ್ಟು, ಕೈಯಲ್ಲಿದ್ದ ವ್ಯಾಕರಣದ ಪುಸ್ತಕವನ್ನು ಕಚ್ಚಲು ಹೋದ.

ಹತ್ತರ ಸುಮಾರಿಗೆ ಸಾಬಿರ್ ಬಂದ. ತಲ್‌ಅತ್ ಹರ್ಬ್ ಬೀದಿಯ ಒಂದು ಹಳೇ ಕಟ್ಟಡದಲ್ಲಿ ಲಿಫ್ಟ್ ನಡೆಸುವವನು, ಮರದ ಬಾಗಿಲಿನ ಲಿಫ್ಟು, ಅದರೊಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಸಾಬಿರ್, ಸಾಬಿರನ ತೊಡೆಯ ಮೇಲೆ ಪುಸ್ತಕ. ಓದುತ್ತಿದ್ದದ್ದನ್ನು ಮೇಜಿನ ಮೇಲಿಟ್ಟ. “ಇದು ಬೇಡ ಹಾಜಿ. ಮೂರು ದಿನ ಆಯ್ತು, ಇನ್ನೂ ಅರಮನೆ ತೋಟ ತೋರಿಸ್ತಾ ಇದಾನೆ. ನನಗೆ ಅಧ್ಯಾಯ ಏಳನೇ ಮಹಡಿಗೆ ಮುಗೀಬೇಕು. ಕೆಳಗಿಳಿಯೋವಾಗ ಇನ್ನೊಂದು ಶುರು ಆಗ್ಬೇಕು.”

“ಕೊಲೆ?”

“ಕೊಲೆ ಮೂರನೇ ಮಹಡಿ ಒಳಗೆ.”

ಬೇರೆ ದಿನವಾಗಿದ್ದರೆ ಬಯ್ಯೂಮಿ ಹಣೆ ತೀಡಿ ಒಂದು ಪುಸ್ತಕ ತೆಗೆದುಕೊಡುತ್ತಿದ್ದ. ಇವತ್ತು ಅವನ ನಾಲಿಗೆಗೆ ಚಕ್ರ ಬಂದಿತ್ತು. “ಯಾವ ಕಾಲದ್ದು ಬೇಕು ಹೇಳು. ಫೇರೋಗಳ ಕಾಲದ್ದು ಕೊಡ್ತೀನಿ, ಆದ್ರೆ ಮೊದ್ಲೇ ಹೇಳ್ತೀನಿ, ಅದ್ರಲ್ಲಿ ಯಾವಾಗ್ಲೂ ಪೂಜಾರಿದೇ ಕೆಲಸ, ಬೋಳುತಲೆ ಕಂಡ ತಕ್ಷಣ ಹಿಡೀಬೋದು. ಪಾಶಾಗಳ ಕಾಲದ್ದು ಬೇಕಾ? ಅಲ್ಲಿ ಆಸ್ತಿ. ಸತ್ತವನು ಮುದುಕ, ಸಾಯಿಸಿದವನು ಅಳಿಯ, ಬಚ್ಚಿಟ್ಟವಳು ಅಡುಗೆಯವಳು. ಓದೋಕೆ ಸುಖ, ಕಾಫಿ ವಾಸನೆ ಬರುತ್ತೆ. ಬಾಗ್ದಾದಿನ ಖಲೀಫರದ್ದಾದ್ರೆ ಹೆಣ ಚೆನ್ನಾಗಿರುತ್ತೆ, ಪತ್ತೇದಾರ ಮಾತ್ರ ಪದ್ಯ ಜಾಸ್ತಿ ಹೇಳ್ತಾನೆ. ನಿನಗೆ ಬೇಕಾಗಿರೋದು ಸುಲ್ತಾನರ ಕಾಲ ಸಾಬಿರ್. ಸಂತೆ, ಗದ್ದಲ, ಎಲ್ಲಾರ ಕೈಯಲ್ಲೂ ಚಾಕು, ಎಲ್ಲಾರ ಬಾಯಲ್ಲೂ ದೇವರು. ಇದು ತಗೋ, ‘ಕಾಜಿಯ ಬೆಕ್ಕು’. ಎರಡನೇ ಹಾಳೇಲೇ ಕಾಜಿ ಸಾಯ್ತಾನೆ. ಬೆಕ್ಕು ಒಂದೇ ಸಾಕ್ಷಿ. ಅದು ಯಾರ ತೊಡೆ ಮೇಲೆ ಕೂರಲ್ಲ ಅನ್ನೋದ್ರಲ್ಲೇ ಇದೆ ಎಲ್ಲಾ.”

“ಯಾರ ತೊಡೆ ಮೇಲೆ ಕೂರಲ್ಲ?”

“ತಂಗಿ ಗಂಡ—” ಅಂದುಬಿಟ್ಟ ಬಯ್ಯೂಮಿ.

ಸಾಬಿರ್ ಅವನನ್ನೇ ನೋಡಿದ. ಹಲಗೆಯ ಆಚೆ ಗಿರ್ಗಿಸ್ ಇಟ್ಟಿಗೆ ಹಿಡಿದ ಕೈಯಲ್ಲೇ ಮುಖ ಮುಚ್ಚಿಕೊಂಡ. ಇಷ್ಟು ವರ್ಷ ಈ ಸಾಲಿನಲ್ಲಿ ಬಯ್ಯೂಮಿಯ ಬಾಯಿಂದ ಕೊಲೆಗಾರನ ಹೆಸರು ಹೊರಬಿದ್ದದ್ದಿಲ್ಲ, ಅವನ ಹತ್ತಿರ ಜನ ಬರುತ್ತಿದ್ದದ್ದೇ ಅದಕ್ಕೆ. ತಲೆಯಲ್ಲಿ ಕೊಲೆಗಾರರ ಒಂದು ಊರೇ ಇದ್ದರೂ ಒಬ್ಬನನ್ನೂ ಹೊರಗೆ ಬಿಡುವವನಲ್ಲ ಅಂತ. “ಹುಷಾರಿಲ್ವಾ ಹಾಜಿ?” ಅಂದ ಸಾಬಿರ್ ಮೆತ್ತಗೆ, ಬೇರೊಂದು ಪುಸ್ತಕವನ್ನು ತಾನೇ ಆರಿಸಿಕೊಂಡು, ಯಾರದೋ ಮನೆಯ ಸಾವಿಗೆ ಬಂದವನ ಹಾಗೆ ತಲೆ ತಗ್ಗಿಸಿ ಹೋದ. ಬಯ್ಯೂಮಿಗೆ ಕಿವಿಯವರೆಗೂ ಬಿಸಿಯಾಯಿತು. ಆದರೆ ಆ ಬಿಸಿಯ ಕೆಳಗೆ ನಗು ಕುದಿಯುತ್ತಲೇ ಇತ್ತು, ಮುಚ್ಚಳ ಎತ್ತುತ್ತಿತ್ತು. ತಾನು ಬೇರೆ ಯಾರೋ ಆಗುತ್ತಿದ್ದೇನೆ, ಆ ಬೇರೆಯವನು ಅಷ್ಟೇನೂ ಕೆಟ್ಟವನಲ್ಲ ಅನ್ನಿಸಿತು.

ಮಧ್ಯಾಹ್ನ ಆಯಿತು, ಆಕೆ ಬರಲಿಲ್ಲ. ಗಾಳಿ ತಿರುಗಿ ಬೆಟ್ಟದ ಕಡೆಯಿಂದ ಬೀಸಿತು, ಹಲ್ಲಿನ ನಡುವೆ ಮರಳು. ಪ್ರತಿ ಶನಿವಾರ ಆಕೆ ಬರುವ ಹೊತ್ತಿಗೆ ಮೂಲೆಯಲ್ಲಿ ಬೂದು ಕೋಟು ಕಾಣುತ್ತಿತ್ತು, ಮೊದಲು ಕೋಟು, ಆಮೇಲೆ ಆಕೆ. ಇವತ್ತು ಬೂದು ಕೋಟಿನ ಇಬ್ಬರು ಬಂದು ಇಬ್ಬರೂ ಬೇರೆಯವರಾದರು. ಸತ್ತ ಹೆಂಡತಿ ಅವನಿಗೆ ಹೇಳುತ್ತಿದ್ದಳು, ನಿಮಗೆ ಪುಸ್ತಕದಲ್ಲಿ ಹೆಣ ಬೇಗ ಕಾಣುತ್ತೆ, ಮನೆಯಲ್ಲಿ ಉಪ್ಪು ಮುಗಿದದ್ದು ಕಾಣಲ್ಲ. ಒಳ್ಳೆಯ ಹೆಂಗಸು. ಅವಳು ಹೋದ ಮೇಲೆ ಉಪ್ಪು ಮುಗಿದದ್ದು ಕಾಣುವಷ್ಟು ಕಲಿತಿದ್ದಾನೆ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿಯ ಮೇಲೆ ಮಾತ್ರ ಬಟ್ಟೆಯ ಕವಚ ಸವೆದಿದೆ. ಒಂದೇ ಲೋಟವನ್ನು ಎಷ್ಟು ವರ್ಷ ತೊಳೆಯಬಹುದು. ಹೋದ ಬೇಸಿಗೆ, ಅದು ಈಗ ಥಟ್ಟನೆ ನೆನಪಾಯಿತು, ಆಕೆ ಒಂದು ಹೊರೆ ಪುಸ್ತಕ ಕೊಂಡಾಗ ಅವನೇ ಹೊತ್ತುಕೊಂಡು ಆಕೆಯ ಓಣಿಯವರೆಗೆ ಹೋಗಿದ್ದ. ಆಕೆ ಮೇಲೆ ಹತ್ತಿ ಹೋಗಿ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಸಿದ್ದಳು, ತರಕಾರಿಯವನಿಗೆ ಇಳಿಸುವ ಬುಟ್ಟಿ. ಪುಸ್ತಕವೆಲ್ಲ ಮೇಲೆ ಹೋದ ಮೇಲೆ ಬಗ್ಗಿ ಕೂಗಿದ್ದಳು, ಮೇಲೆ ಬನ್ನಿ ಹಾಜಿ, ಚಹಾ ಕುಡಿದು ಹೋಗಿ. ಅವನು ಕೈಯನ್ನು ಎದೆಗಿಟ್ಟು, ಹೇಳಬೇಕಾದ್ದನ್ನು ಹೇಳಬೇಕಾದ ಹಾಗೆ ಹೇಳಿದ್ದ, ನಿಮ್ಮ ಮನೆ ಸದಾ ತುಂಬಿರಲಿ ಮದಾಮ್, ಇನ್ನೊಮ್ಮೆ ಬರ್ತೀನಿ. ಸರಿಯಾಗಿ ನಡೆದುಕೊಂಡೆ ಅಂತ ದಾರಿಯುದ್ದಕ್ಕೂ ಹೆಮ್ಮೆಪಟ್ಟಿದ್ದ. ಈಗ ಆ ಹೆಮ್ಮೆಯನ್ನು ತೆಗೆದು ಬೆಳಕಿಗೆ ಹಿಡಿದರೆ ಅದರ ಒಂದು ಮೂಲೆ ಹುಳ ತಿಂದಿದ್ದು ಕಾಣುತ್ತಿತ್ತು. ಆಕೆ ಅವತ್ತು ಎರಡನೇ ಸಲ ಕರೆಯಲಿಲ್ಲ. ಕರೆಯಬೇಕಿತ್ತು, ಪದ್ಧತಿ. ಕರೆಯದೆ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು.

“ಮೊಣಕಾಲು ನೋವಿರ್ಬೋದು,” ಅಂದ ಗಿರ್ಗಿಸ್, ಯಾರೂ ಕೇಳದೆ. “ಈ ಗಾಳಿಗೆ ನನ್ನ ಹೆಂಡತೀಗೂ ಹಿಡ್ಕೊಂಡಿದೆ.”

“ಯಾರಿಗೆ?”

“ಸುಲ್ತಾನನ ಅತ್ತೆಗೆ.” ಗಿರ್ಗಿಸ್ ಎದ್ದು ಬಂದು ಬಯ್ಯೂಮಿಯ ಮೇಜಿನಿಂದ ಮೂರು ಪುಸ್ತಕ ಎತ್ತಿ, ದಾರ ಸುತ್ತಿ, ಗಂಟು ಹಾಕಿ ಅವನ ತೊಡೆಯ ಮೇಲಿಟ್ಟ. “ಹೋಗು. ಮಳಿಗೆ ನಾನು ನೋಡ್ಕೋತೀನಿ. ಯಾರಾದ್ರೂ ಬಂದ್ರೆ ಕೊಲೆಗಾರ ಯಾರು ಅಂತ ನಾನೇ ಹೇಳಿ ಕಳಿಸ್ತೀನಿ, ನಿನಗಿಂತ ಕೆಟ್ಟದಾಗೇನೂ ಆಗಲ್ಲ.”

“ಏನಂತ ಹೋಗ್ಲಿ?”

“ಪುಸ್ತಕದವನು ಪುಸ್ತಕ ತಂದಿದೀನಿ ಅನ್ನು. ಅದಕ್ಕೂ ಪತ್ತೇದಾರ ಬೇಕಾ?”

ಅವನು ಹೋದ. ಮುಖ್ಯ ರಸ್ತೆ ದಾಟುವಾಗ ಬಸ್ಸಿನವನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ, ತಾತಾ ಮದುವೆಗೆ ಹೊರಟ್ಯಾ ಅಂದ, ಅದು ಅವನು ಎಲ್ಲರಿಗೂ ಅನ್ನುವ ಮಾತಿರಬೇಕು, ಆದರೂ ಬಯ್ಯೂಮಿ ನಿಂತು ಕೋಟಿನ ಗುಂಡಿ ನೋಡಿಕೊಂಡ. ಓಣಿ ಬಂದಾಗ ಇಳಿಹೊತ್ತಿನ ಅಸರ್ ನಮಾಜಿನ ಕರೆ ಮುಗಿದಿತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬುಟ್ಟಿ ಬೋರಲಾಗಿ ನೇತುಬಿದ್ದಿತ್ತು. ಅವನು ಅದರ ಕೆಳಗೆ ನಡೆದು ಓಣಿಯ ಕೊನೆ ಮುಟ್ಟಿದ, ಏನೋ ಮರೆತವನ ಹಾಗೆ ತಿರುಗಿದ, ಮತ್ತೆ ನಡೆದು ಈ ಕೊನೆ ಮುಟ್ಟಿದ. ಬಾಗಿಲು ಕಾಯುವ ಮುದುಕ ಬೆಂಚಿನ ಮೇಲೆ ಕೂತು ಅವನನ್ನು ಟೆನಿಸ್ ಆಟ ನೋಡುವ ಹಾಗೆ ಅತ್ತ ಇತ್ತ ನೋಡುತ್ತಿದ್ದ. ಎದುರು ಮನೆಯ ಹೆಂಗಸೊಬ್ಬಳು ಒಣಗಿದ ಬಟ್ಟೆ ಎಳೆದುಕೊಳ್ಳುತ್ತಿದ್ದಳು. ಏನು ಹೇಳಬೇಕು ಅಂತ ಅವನು ಮೂರು ಬಗೆಯಲ್ಲಿ ಕಟ್ಟಿಕೊಂಡ. ಈ ಕಡೆ ಬಂದಿದ್ದೆ. ಹೊಸದು ಬಂದಿವೆ, ನೀವು ನೋಡ್ತೀರೇನೋ ಅಂತ. ಮದಾಮ್, ಆ ಪುಸ್ತಕದಲ್ಲಿ ನನ್ನದೊಂದು ಪಟ್ಟಿ ಉಳಿದಿದೆ. ಮೂರನೆಯದನ್ನು ತೆಗೆದುಹಾಕಿದ. ಮತ್ತೆ ಮೂರು ಸುತ್ತು ಹಾಕಿದ. ಆಮೇಲೆ ಗಾಳಿಯೇ ಕೆಲಸ ಮಾಡಿತು, ಅವನ ಟೋಪಿ ಹಾರಿಸಿತು, ಅದನ್ನು ಹಿಡಿಯಲು ಓಡಿದವನು ಸರಿಯಾಗಿ ಬುಟ್ಟಿಯ ಕೆಳಗೆ ಬಂದು ನಿಂತ. ಮೇಲಿಂದ ಆ ದನಿ, ಇಡೀ ದೇಶದ ತಂತಿಗಳ ಮೇಲೆ ಹಾದುಬಂದ ದನಿ, ಸ್ವಲ್ಪವೂ ಏರಿಸದೆ ನೇರ ಕಿವಿಗೆ ಬಂತು.

“ಹಾಜಿ ಬಯ್ಯೂಮಿ. ಟೋಪಿ ಸಿಕ್ತಾ?”

ತಲೆ ಎತ್ತಿದ. ಆಕೆ ಕಟಕಟೆಯ ಮೇಲೆ ಮೊಣಕೈ ಊರಿದ್ದಳು, ಹೆಗಲ ಮೇಲೆ ಉಣ್ಣೆಯ ಶಾಲು. ಕಟ್ಟಿಕೊಂಡ ಮೂರು ಮಾತೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. “ಪುಸ್ತಕ,” ಅಂದ.

“ಮೊಣಕಾಲು ಹಿಡ್ಕೊಂಡಿದೆ, ಬರೋಕಾಗ್ಲಿಲ್ಲ. ಇರಿ.” ಬುಟ್ಟಿ ಇಳಿಯಿತು, ಗಾಳಿಗೆ ತೂಗುತ್ತ, ಗೋಡೆಗೆ ಬಡಿಯುತ್ತ. ಅವನು ಹೊರೆ ಇಟ್ಟ. ಹಗ್ಗ ಬಿಗಿಯಾಯಿತು, ಬುಟ್ಟಿ ಅವನ ಮುಖದ ಮುಂದೆ ಏರಿತು, ಎದೆ, ಹಣೆ, ಟೋಪಿ. ಆಕೆ ಹಗ್ಗ ಎಳೆಯುತ್ತಲೇ, ಬಾಲ್ಕನಿಯಲ್ಲಿ ನಿಂತ ಯಾರೇ ಆಗಲಿ ಕೆಳಗೆ ನಿಂತ ಯಾರಿಗೇ ಆಗಲಿ ಹೇಳುವ ಮಾತನ್ನು ಹೇಳಿದಳು. “ಮೇಲೆ ಬನ್ನಿ ಹಾಜಿ, ಚಹಾ ಕುಡಿದು ಹೋಗಿ.”

ಎದುರು ಮನೆಯ ಹೆಂಗಸು ಬಟ್ಟೆ ಮಡಿಸುತ್ತಿದ್ದಳು. ಬಾಗಿಲು ಕಾಯುವವನು ಆಕಳಿಸುತ್ತಿದ್ದ. ಬಯ್ಯೂಮಿಯ ಕೈ ತಾನಾಗಿಯೇ ಎದೆಗೆ ಹೋಯಿತು, ನಿಮ್ಮ ಮನೆ ಸದಾ ತುಂಬಿರಲಿ ಅನ್ನುವುದಕ್ಕೆ ನಾಲಿಗೆ ಮೇಲೆದ್ದು ಅಂಗುಳಕ್ಕೆ ತಾಗಿಯೂ ತಾಗಿತು. ಅಲ್ಲಿ ಅದು ಒಂದು ಉಸಿರು ನಿಂತಿತು. ತಡೆದ ಉಸಿರು ಒಳಗಿನಿಂದ ಹೇಗಿರುತ್ತದೆ ಅನ್ನುವುದು ಅವನಿಗೆ ಆಗ ಗೊತ್ತಾಯಿತು. ಉಯ್ಯಾಲೆ ಮೇಲಕ್ಕೆ ಹೋಗಿ ಇನ್ನು ಕೆಳಗಿಳಿಯಬೇಕು ಅನ್ನುವ ಮುಂಚೆ ಹೊಟ್ಟೆಯಲ್ಲಿ ಏನೂ ಇರುವುದಿಲ್ಲವಲ್ಲ, ಹಾಗೆ.

“ಆಗಲಿ,” ಅಂದ. “ಬಂದೆ.”

ಬುಟ್ಟಿ ಎರಡನೇ ಮಹಡಿಯ ಎತ್ತರಕ್ಕೆ ನಿಂತುಬಿಟ್ಟಿತು. ಎದುರು ಮನೆಯವಳ ಕೈಯಲ್ಲಿ ಅಂಗಿಯ ಒಂದು ತೋಳು ಮಡಿಸದೆ ಉಳಿಯಿತು. ಬಾಗಿಲು ಕಾಯುವವನ ಆಕಳಿಕೆ ತೆರೆದ ಬಾಯಲ್ಲೇ ಮುಗಿಯಿತು, ಅವನು ಬೆಂಚಿನಿಂದ ಅರ್ಧ ಎದ್ದು, ತಾನು ಕೇಳಿದ್ದು ನಿಜವೋ ಅನ್ನುವ ಹಾಗೆ ಮೇಲೆ ನೋಡಿದ. ಬಯ್ಯೂಮಿ ಕತ್ತು ನೋಯುವಷ್ಟು ತಲೆ ಎತ್ತಿ ನಿಂತೇ ಇದ್ದ. ಹೋದ ಬೇಸಿಗೆಯ ಹಾಗೆ ಈಗಲೂ ಆಕೆ ಸುಮ್ಮನಿದ್ದರೆ ಟೋಪಿ ತೆಗೆದುಕೊಂಡು ಈ ಊರಿನಿಂದಲೇ ಹೋಗಿಬಿಡುವುದು ಅಂದುಕೊಂಡ, ಮನ್ಸೂರಾದಲ್ಲಿ ಮಗಳ ಮನೆ ಇದೆ. ಬುಟ್ಟಿ ಅಲುಗಾಡಿತು. ಮತ್ತೆ ಏರತೊಡಗಿತು, ಈ ಸಲ ಬೇಗ ಬೇಗ.

“ಮೆಟ್ಟಿಲು ನೋಡ್ಕೊಂಡು ಬನ್ನಿ, ಎರಡನೇ ಮಹಡೀಲಿ ದೀಪ ಇಲ್ಲ,” ಅಂದಳು ಆಕೆ. ಆಮೇಲೆ ಎದುರು ಮನೆಗೆ ಕೇಳುವಷ್ಟು, “ತಂಗಿ ಇದಾಳೆ, ಬಾಗಿಲು ತೆಗೆದೇ ಇರುತ್ತೆ.”

ಎರಡನೇ ಮಹಡಿಯ ಕತ್ತಲಲ್ಲಿ ಬಯ್ಯೂಮಿ ಗೋಡೆ ಹಿಡಿದು ನಿಂತು ನಕ್ಕ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ.

ಬಾಗಿಲು ತೆಗೆದೇ ಇತ್ತು. ತಂಗಿ ಇಫ್ಫತ್, ಕಿವಿ ಮಂದ, ಕೈಯಲ್ಲಿ ಹೆಣಿಗೆ, ಹಾಜಿಯನ್ನು ನೋಡಿ ಅವನು ದಿನಾ ಸಂಜೆ ಬರುವವನೇನೋ ಎಂಬಂತೆ ತಲೆಯಾಡಿಸಿದಳು. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಮೂರು ಲೋಟ. ಬಯ್ಯೂಮಿ ಕೂರುವ ಮುಂಚೆಯೇ ನೋಡಿದ, ನೋಡದೆ ಇರಲಾರ, ಆಯುಷ್ಯವೆಲ್ಲ ಅದನ್ನೇ ಓದಿದವನು. ಚಹಾ ಕಡುಗಪ್ಪಾಗಿ ಇಳಿದಿತ್ತು. ಪುದಿನ ಎಲೆ ಬಾಡಿ ತಳ ಸೇರಿತ್ತು. ಮೂರು ಮಹಡಿ ಹತ್ತುವಷ್ಟರಲ್ಲಿ ಹೀಗೆ ಇಳಿಯುವ ಚಹಾ ಅಲ್ಲ ಇದು. ಒಲೆಯ ಮೇಲೆ ಕೆಟಲ್ ಇಟ್ಟದ್ದು ಕರೆಯುವ ಮುಂಚೆ.

“ನಾಲ್ಕು ಸುತ್ತು ಹಾಕಿದ್ರಿ,” ಅಂದಳು ಮದಾಮ್ ಇನ್ಸಾಫ್, ಅವನ ಕಣ್ಣು ಎಲ್ಲಿದೆ ಅಂತ ನೋಡಿ. “ಮೊದಲನೇ ಸುತ್ತಿಗೇ ನೀರಿಟ್ಟೆ.” ಲೋಟವನ್ನು ಅವನ ಕಡೆ ಸರಿಸಿದಳು. “ಹೋದ ಬೇಸಿಗೇಲೂ ಇಟ್ಟಿದ್ದೆ. ಮೂರು ಲೋಟ ಮಾಡಿ, ನಾವಿಬ್ರೇ ಕುಡಿದ್ವಿ.”

ಅವನು ಲೋಟ ಹಿಡಿದ. ಬಿಸಿ ಇತ್ತು. ಏನಾದರೂ ಹೇಳಬೇಕು. ಈ ಸಂದರ್ಭಕ್ಕೆ ಯಾರೂ ಯಾವ ಮಾತನ್ನೂ ಮಾಡಿಟ್ಟಿರಲಿಲ್ಲ. ಆಕೆ ಪಕ್ಕದ ಸ್ಟೂಲಿನಿಂದ ‘ಹಮ್ಮಾಮಿನಲ್ಲಿ ಒಣಗಿದ ಹೆಣ’ ತೆಗೆದಳು. ಹಸಿರು ಅಕ್ಷರದ ಪಟ್ಟಿ, ಇಟ್ಟ ಜಾಗದಲ್ಲೇ, ಹಾಳೆಗಳ ನಡುವಿಂದ ಒಂದು ಚೂರು ತಲೆ ಹೊರಹಾಕಿತ್ತು.

“ಇಲ್ಲಿವರೆಗೆ ಓದಿದೆ. ನೀವು ಇಲ್ಲೇ ನಿಂತಿದೀರಿ ಅಂತ ಗೊತ್ತಾಯ್ತು. ಮುಂದೆ ಹೋಗೋಕೆ ಮನಸ್ಸು ಬರ್ಲಿಲ್ಲ.” ನಗುವನ್ನು ತುಟಿಯ ಒಂದೇ ತುದಿಯಲ್ಲಿ ಹಿಡಿದಿಟ್ಟಳು. “ಚಹಾಕ್ಕೆ ಸೋಂಪು ಹಾಕಿದೀನಿ. ವಾಯುವಿಗೆ ಒಳ್ಳೇದು.”

ಬಯ್ಯೂಮಿ ಲೋಟದೊಳಗೆ ನೋಡಿದ. ಸೋಂಪು ಇತ್ತು.

“ನನಗೆ ಆ ವಿಧವೆ ಮೇಲೇ ಅನುಮಾನ,” ಅಂದಳು ಆಕೆ.

“ಅವಳಲ್ಲ,” ಅಂದ ಅವನು.

“ಓದಿಲ್ಲ, ಹೇಗೆ ಗೊತ್ತು?”

“ಅವಳಾಗಿರಬಾರ್ದು ಅಂತ.”

ಮದಾಮ್ ಇನ್ಸಾಫ್ ಪುಸ್ತಕವನ್ನು ಅವನ ಕೈಗೆ ಕೊಟ್ಟಳು, ಶಾಲು ಹೊದ್ದು ಕಾಲು ಮಡಿಸಿ ಕೂತಳು. “ಓದಿ. ಗಟ್ಟಿಯಾಗಿ, ಇಫ್ಫತ್‌ಗೂ ಕೇಳ್ಬೇಕು.” ಅವನು ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ, ಕನ್ನಡಕ ಏರಿಸಿದ. ಪುಸ್ತಕದೊಳಗೆ ತಕ್ಕಡಿಯ ಎರಡು ತಟ್ಟೆಗಳೂ ಗಾಳಿಯಲ್ಲಿ ನಿಂತಿದ್ದವು, ಅಧಿಕಾರಿ ಕೈ ಎತ್ತಿದ್ದ. ಎರಡು ದಿನ ಮೈಯೆಲ್ಲ ಹಾಳೆ ಮಗುಚಿದ ಹಾಗಿತ್ತಲ್ಲ, ಈಗ ಕಥೆಯ ಕೊನೆಯೇ ಬೆರಳ ತುದಿಯಲ್ಲಿದೆ. ಅವನು ಮೊದಲನೇ ಸಾಲು ಓದಿದ. ನಿಲ್ಲಿಸಿ ಚಹಾ ಕುಡಿದ. ಎರಡನೇ ಸಾಲು ಓದಿದ, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ, ಶಾಲೆಗೆ ಹೊಸದಾಗಿ ಸೇರಿದವನ ಹಾಗೆ. ಹೊರಗೆ 
ಗಾಳಿ ಖಾಲಿ ಬುಟ್ಟಿಯನ್ನು ಗೋಡೆಗೆ ಮೆಲ್ಲಗೆ ತಟ್ಟುತ್ತಿತ್ತು.

“ಅಕ್ಷರ ಸಣ್ಣದಾ ಹಾಜಿ?” ಅಂದಳು ಇಫ್ಫತ್, ಹೆಣಿಗೆಯಿಂದ ತಲೆ ಎತ್ತದೆ. “ಹೀಗೆ ಓದಿದ್ರೆ ಮುಗಿಯೋ ಹೊತ್ತಿಗೆ ಬೇಸಿಗೆ ಬರುತ್ತೆ.”

“ಬರ್ಲಿ ಬಿಡು,” ಅಂದಳು ಮದಾಮ್ ಇನ್ಸಾಫ್, ಅವನ ಲೋಟಕ್ಕೆ ಇನ್ನೊಂದಿಷ್ಟು ಬಗ್ಗಿಸುತ್ತ.